ಸೊರಗಿದ ಕುದುರೆ ಯಾರದು?

ಪ್ರಾಣಿದಯಾ ಇಲಾಖೆಯ ಇನ್ಸ್‌ಪೆಕ್ಟರ್ ನಂಜರಾಜಯ್ಯನಿಗೆ ಜಟಕಾ ಬುಡನ್ ಸಾಬರ ಕುದುರೆ ಕಂಡರೆ ಹೊಟ್ಟೆಯುರಿ. ಇಲಾಖೆಯ ಲಾಯದಲ್ಲಿ ಅವನ ಕೈಕೆಳಗೆ ಒಂಬತ್ತು ಕುದುರೆ ಇದ್ದವು. ಒಂದನ್ನೂ ಯಾರೂ ತಿರುಗಿ ನೋಡುತ್ತಿರಲಿಲ್ಲ. ಸಾಬರ ಕುದುರೆಗೆ ಮಾತ್ರ ಬೀದಿಯವರೆಲ್ಲ ಬೆಲ್ಲ ತಿನ್ನಿಸುವವರೇ! ಅದರ ಮಿರಿಮಿರಿ ಮೈ ನೋಡಲಾರದೆ ಒಂದು ದಿನ ಸಾಬರ ಮೇಲೆ ಪ್ರಾಣಿಹಿಂಸೆಯ ಸುಳ್ಳು ಕೇಸು ಬರೆದು, ಕುದುರೆಯನ್ನು ಲಾಯಕ್ಕೆ ಎಳೆತಂದು ಕಟ್ಟಿದ.

ಮರುದಿನ ಮೇಲಧಿಕಾರಿ ತಪಾಸಣೆಗೆ ಬಂದರು. ಲಾಯದ ಬಾಗಿಲಲ್ಲೇ ಕಾದಿದ್ದ ಸಾಬರು ಸಲಾಂ ಮಾಡಿದರು.

"ನಾನು ವಾದ ಮಾಡಲ್ಲ ಸ್ವಾಮಿ. ಹತ್ತೂ ಕುದುರೆ ಸಾಲಾಗಿ ನಿಂತಿವೆ. ಹಿಂಸೆ ಪಟ್ಟಿದ್ದು ಯಾವುದು ಅಂತ ನೀವೇ ನೋಡಿ ಹೇಳಿ. ಅದನ್ನ ಸಾಕಿದವನಿಗೆ ಶಿಕ್ಷೆ ಕೊಡಿ."

ನಂಜರಾಜಯ್ಯ ಬಾಯಿ ತೆರೆಯುವಷ್ಟರಲ್ಲಿ ಅಧಿಕಾರಿ ಕುದುರೆಗಳ ಪಕ್ಕೆ ಸವರುತ್ತಾ ಹೊರಟಾಗಿತ್ತು. ನಾಲ್ಕನೆಯದರ ಎಲುಬು ಕೈಗೆ ಚುಚ್ಚಿತು.

"ಇದೇ! ಯಾವನೋ ಪಾಪಿ ಮೇವೇ ಹಾಕಿಲ್ಲ!"

"ಅದು ಇನ್ಸ್‌ಪೆಕ್ಟರ್ ಸಾಹೇಬರ ಲಾಯದ್ದು. ನನ್ನದು ಆ ತುದೀಲಿರೋದು."

"ಅದು ಅಷ್ಟು ದುಂಡಗಿದೆಯಲ್ಲಯ್ಯ?"

"ಇಲ್ಲಿಗೆ ಬಂದು ಒಂದೇ ದಿನ ಆಯ್ತಲ್ಲ ಸ್ವಾಮಿ."

ಅಧಿಕಾರಿಯ ಅಪ್ಪಣೆಯಂತೆ ನಂಜರಾಜಯ್ಯನೇ ಹಗ್ಗ ಬಿಚ್ಚಿ ಕೊಡಬೇಕಾಯಿತು. ಕುದುರೆ ಬಾಲ ಬೀಸುತ್ತಾ ಮನೆಯ ಕಡೆ ಹೊರಟಿತು. ಲಾಯದ ಒಂಬತ್ತೂ ಕುದುರೆಗಳು ಕತ್ತು ಚಾಚಿ ಅದನ್ನೇ ನೋಡಿದವು. ಹೊಟ್ಟೆಯುರಿ ಈಗ ನಂಜರಾಜಯ್ಯನೊಬ್ಬನದೇ ಆಗಿರಲಿಲ್ಲ.