ಸುಟ್ಟ ನೆಲದ ಸಿಕೋಯಾ

ಕಡಲಾಚೆಯ ಬೆಟ್ಟವೊಂದರಲ್ಲಿ, ಸಿಕೋಯಾ ಮರಗಳ ನಡುವೆ, ನಿಜಗುಣಯ್ಯ ಎಂಬ ಗುರುಗಳ ಆಶ್ರಮವಿತ್ತು. ಎಂಟು ಮಂದಿ ಕೈ ಕೈ ಹಿಡಿದು ನಿಂತರೂ ಅಲ್ಲಿನ ಒಂದು ಮರದ ಬುಡವನ್ನು ತಬ್ಬಲಾಗುತ್ತಿರಲಿಲ್ಲ.

ಒಂದು ಬೇಸಿಗೆ ಶಿಷ್ಯ ಚೆನ್ನವೀರ ಒಲೆ ಆರಿಸದೆ ನೀರು ತರಲು ಹೋದ. ಕಿಡಿ ಹಾರಿ ಒಣ ತರಗಿಗೆ ಬಿತ್ತು. ಹಿರಿಯ ಶಿಷ್ಯೆ ಸಿದ್ಧಮ್ಮ ಉಟ್ಟ ಬಟ್ಟೆಯಲ್ಲೇ ಹೊರಗೋಡಿ ಬಂದರು. ಅವರ ಗುಡಿಸಲು ಉಳಿಯಲಿಲ್ಲ. ಮೂರು ದಿನ ಕಾಡಿನ ನೆಲ ಉರಿಯಿತು.

“ನನ್ನನ್ನು ಹೊರಗೆ ಹಾಕಿ ಗುರುಗಳೇ. ಸಾವಿರಾರು ವರ್ಷದ ಮರಗಳನ್ನು ಕೊಂದುಬಿಟ್ಟೆ,” ಎಂದ ಚೆನ್ನವೀರ.

ಗುರುಗಳು ಅವನ ಕೈ ಹಿಡಿದು ಕರಕಲಾದ ಮರವೊಂದಕ್ಕೆ ಒತ್ತಿದರು. ತೊಗಟೆ ಮೆತ್ತಗಿತ್ತು. ಉಗುರಿನಿಂದ ಮಸಿ ಕೆರೆದರೆ ಒಳಗೆ ಕೆಂಪು ನಾರು.

“ತೊಗಟೆಯೇ ಮೊಳದಷ್ಟು ದಪ್ಪ. ಬೆಂಕಿ ಒಳಗೆ ಇಳಿದಿಲ್ಲ.”

“ಹಾಗಾದರೆ ನಾನು ಇಲ್ಲೇ ಇರಬಹುದೇ?”

“ಸಿದ್ಧಮ್ಮನನ್ನು ಕೇಳು.”

ಕೇಳಿದ. ಸಿದ್ಧಮ್ಮ ಅವನ ಕೈಗೆ ಗುದ್ದಲಿ ಕೊಟ್ಟರು. ಹಿಮ ಬೀಳುವ ಮೊದಲು ಚೆನ್ನವೀರ ಹೊಸ ಗುಡಿಸಲು ಕಟ್ಟಿ ಮುಗಿಸಿದ. ಸಿದ್ಧಮ್ಮ ಒಳಗೆ ಹೋದರು. ಅವನ ಕಡೆ ನೋಡಲಿಲ್ಲ.

ಹಿಮ ಕರಗಿದ ಮೇಲೆ ಗುರುಗಳು ಅವನನ್ನು ಸುಟ್ಟ ಜಾಗಕ್ಕೆ ಕರೆದೊಯ್ದರು. ಬೂದಿಯ ನಡುವೆ ಅಲ್ಲಲ್ಲಿ ಬೆರಳುದ್ದದ ಹಸಿರು.

“ಏನಿದು ಗುರುಗಳೇ?”

“ಸಿಕೋಯಾ. ಇದರ ಕಾಯಿ ಇಪ್ಪತ್ತು ವರ್ಷವಾದರೂ ಕೊಂಬೆಯಲ್ಲಿ ಬಾಯಿ ಮುಚ್ಚಿಕೊಂಡು ಹಸಿರಾಗಿಯೇ ಇರಬಲ್ಲದು. ಕೆಳಗಿನ ಬೆಂಕಿಯ ಕಾವು ಏರಿದರೆ ಒಣಗಿ ಬಿರಿಯುತ್ತದೆ. ಬೀಜ ಜೀರಿಗೆಯಷ್ಟು, ಹೊಟ್ಟಿನ ಹಾಗೆ ಹಗುರ. ತರಗಿನ ಮೇಲೆ ಬಿದ್ದರೆ ಬೇರು ಮಣ್ಣು ಮುಟ್ಟುವುದಿಲ್ಲ. ತರಗು ಸುಟ್ಟ ಬರಿ ನೆಲ ಬೇಕು.”

ಚೆನ್ನವೀರನಿಗೆ ನಗು ಬಂತು. ಮರುಕ್ಷಣ ಸಿದ್ಧಮ್ಮನ ಮುಖ ನೆನಪಾಯಿತು.

“ಹಾಗಾದರೆ ನಾನು ಮಾಡಿದ್ದು ಒಳ್ಳೆಯದೇ ಆಯಿತೇ?”

“ಇಲ್ಲ.”

“ಕೆಟ್ಟದ್ದೇ?”

“ಹೌದು.”

“ಮತ್ತೆ ಈ ಸಸಿಗಳು?”

“ಚೆನ್ನಾಗಿವೆ.”

“ಅದು ಹೇಗೆ ಗುರುಗಳೇ? ನಾನು ಅಳಬೇಕೋ ನಗಬೇಕೋ ಒಂದೂ ತಿಳಿಯುತ್ತಿಲ್ಲ. ನಾನು ಎಲ್ಲಿ ನಿಂತಿದ್ದೇನೆ, ಅಷ್ಟಾದರೂ ಹೇಳಿ!” ಎನ್ನುತ್ತ ಚೆನ್ನವೀರ ಅವರತ್ತ ಧಾವಿಸಿದ.

ಗುರುಗಳು ಬಗ್ಗಿ ಅವನ ಹಿಮ್ಮಡಿ ಹಿಡಿದುಕೊಂಡರು.

“ಮೊದಲು ಈ ಕಾಲು ಎತ್ತು. ಅಡಿಯಲ್ಲಿ ಒಂದು ಸಸಿ ಇದೆ.”