ಎಡಗದದ ಗಿಳಿ

ಹೊನ್ನಗುಡ್ಡದ ಮಠಕ್ಕೆ ಮೊದಲ ಸಲ ಬಂದವರು ಶ್ರೀ ಗುರುಪಾದಜ್ಜನವರ ಮುಂದೆಯೇ ಹಾದುಹೋಗಿ, ಒಳಗೆ ನಿಂತು "ಅಜ್ಜಾರು ಎಲ್ಲಿ ಅದಾರ್ರೀ?" ಎಂದು ಕೇಳುತ್ತಿದ್ದರು. ತಪ್ಪು ಅವರದಲ್ಲ. ಪೂಜ್ಯರು ಗಾದಿಯ ಮೇಲೆ ಕೂತದ್ದನ್ನು ನಾನೇ ಕಂಡದ್ದು ಅಪರೂಪ. ದಾಸೋಹದ ಮನೆಯ ಹಿಂದೆ ಒಂದು ತಗಡಿನ ಚಪ್ಪರ, ಅದರ ಕೆಳಗೆ ಒಂದು ಗೋಣಿಚೀಲ, ಅದರ ಮೇಲೆ ಅವರು. ಮುಂದೆ ಸಾಣೆಕಲ್ಲು, ಪಕ್ಕದಲ್ಲಿ ತಂಬಿಗೆ ನೀರು. ಭಕ್ತರ ಮನೆಯ ಮುರಿದ ತೊಟ್ಟಿಲ ಕಾಲು, ಕುಡಗೋಲಿನ ಹಿಡಿಕೆ, ಯಾರದೋ ಮುದುಕಿಯ ಊರುಗೋಲು, ಎಲ್ಲ ಅವರ ಕೈಯಲ್ಲಿ ರಿಪೇರಿಯಾಗುತ್ತಿದ್ದವು. ಪೂರ್ವಾಶ್ರಮದಲ್ಲಿ ಬಡಿಗರ ಮನೆತನದವರು. "ಸನ್ಯಾಸ ತಗೊಂಡಾಗ ಎಲ್ಲಾ ಬಿಟ್ಟೆ, ಈ ಕಲ್ಲು ಬಿಡೂದು ಮರೆತೆ" ಎಂದು ನಗುತ್ತಿದ್ದರು.

ನಾನು ಆಗ ಆ ಊರಿನ ಶಾಲಾ ಮಾಸ್ತರ. ಮಠದ ಕಾಗದಪತ್ರ ಬರೆದುಕೊಡುವುದು ನನ್ನ ಸೇವೆ. ಹೀಗಾಗಿ ಮುಂದಿನ ಸಂಗತಿಯನ್ನು ಕಣ್ಣಾರೆ ಕಂಡೆ. ಅದರಲ್ಲಿ ನನ್ನ ಪಾಲಿನ ತಪ್ಪೂ ಇದೆ, ಅದನ್ನೂ ಮುಚ್ಚಿಡುವುದಿಲ್ಲ.

ಹಿರಿಯ ಗುರುಗಳ ಸಮಾಧಿ ಇದ್ದ ಗದ್ದುಗೆಗೆ ಹೊಸ ಬಾಗಿಲು ಮಾಡಿಸಬೇಕೆಂದು ದೈವದವರು, ಅಂದರೆ ಊರ ಹಿರಿಯರು, ನಿರ್ಧರಿಸಿದರು. ಎರಡು ಕದದ ಸಾಗವಾನಿ ಬಾಗಿಲು, ಕದಕ್ಕೊಂದು ಬಳ್ಳಿ, ಬಳ್ಳಿಯ ತುದಿಗೆ ಒಂದು ಗಿಳಿ. ಊರಲ್ಲಿ ಒಳ್ಳೆಯ ಬಡಿಗರು ಇಬ್ಬರು, ಅಣ್ಣತಮ್ಮಂದಿರ ಮಕ್ಕಳು. ಹಿರಿಯವ ಮಾನಪ್ಪ, ಕಿರಿಯವ ಅಂಬಣ್ಣ. ಯಾರಿಗೆ ಕೊಡಬೇಕೆಂದು ಚರ್ಚೆ ಎದ್ದಾಗ ಅಜ್ಜನವರು, "ಎಡಗದ ಮಾನಪ್ಪಗ, ಬಲಗದ ಅಂಬಣ್ಣಗ" ಎಂದುಬಿಟ್ಟರು.

ಮಾನಪ್ಪನಿಗೆ ಅಂದೇ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ಹಿರಿಯವ ನಾನಿರಲು ಅವನಿಗೇಕೆ ಅರ್ಧ? ಮರುದಿನವೇ ಹುಬ್ಬಳ್ಳಿಗೆ ಹೋಗಿ ಹನ್ನೆರಡು ಹೊಸ ಉಳಿಗಳ ಪೆಟ್ಟಿಗೆ ತಂದ. ಒಳಗೆ ಹಸಿರು ಮಖಮಲ್ಲು. ಉಳಿಗಳೋ, ಮುಖ ನೋಡಿಕೊಳ್ಳಬಹುದಾದಷ್ಟು ಹೊಳಪು, ಹಿಡಿಕೆಗೆ ಕೆಂಪು ವಾರ್ನಿಶ್. ಅಂಬಣ್ಣನ ಹತ್ತಿರ ಇದ್ದದ್ದು ಏಳೇ ಉಳಿ. ಅದರಲ್ಲೊಂದು ಇಬ್ಬರ ಮುತ್ಯಾನದು, ಅಂದರೆ ಅಪ್ಪಂದಿರ ಅಪ್ಪನದು. ಹುಣಸೆ ಕಟ್ಟಿಗೆಯ ಹಿಡಿಕೆ ಮೂರು ತಲೆಮಾರಿನ ಬೆವರಿಗೆ ಕಪ್ಪಾಗಿತ್ತು. ಮುತ್ಯಾ ಸಾಯುವಾಗ ಅದನ್ನು ಅಂಬಣ್ಣನ ಅಪ್ಪನ ಕೈಗೆ ಇಟ್ಟಿದ್ದ. ಆ ನೋವು ಮಾನಪ್ಪನ ಮನೆಯಲ್ಲಿ ಮೂವತ್ತು ವರ್ಷವಾದರೂ ಆರಿರಲಿಲ್ಲ.

ಗದ್ದುಗೆಯ ಮುಂದೆ ಹಾಕಿದ ಒಂದೇ ಚಪ್ಪರದ ಕೆಳಗೆ ಇಬ್ಬರೂ ಕೆಲಸ ಹಿಡಿದರು. ಮಾನಪ್ಪ ಬೆಳಗಾದರೆ ಮರದ ಸುತ್ತಿಗೆ, ಅಂದರೆ ಕೊಡತಿ, ಎತ್ತಿ ಟಕಟಕ ಶುರು. ಉಳಿ ಮೊಂಡಾದರೆ ಸಾಣೆಯವನ ಚಕ್ರಕ್ಕೆ ಕೊಟ್ಟು ಚಕಚಕನೆ ಹರಿತ ಮಾಡಿಸಿ ತರುತ್ತಿದ್ದ. ಅಂಬಣ್ಣ ಅರ್ಧ ಹೊತ್ತು ಕಲ್ಲಿನ ಮುಂದೆಯೇ. ನೀರು ಹನಿಸುತ್ತ ತಿಕ್ಕುವುದು, ಉಗುರಿನ ಮೇಲೆ ಅಲಗು ಇಟ್ಟು ನೋಡುವುದು, ಮತ್ತೆ ತಿಕ್ಕುವುದು. "ಏನೋ, ಕದಾ ಮಾಡ್ತೀಯೋ ಗಂಧಾ ತೇಯ್ತೀಯೋ?" ಎಂದು ಮಾನಪ್ಪ ಚೇಷ್ಟೆ ಮಾಡುತ್ತಿದ್ದ. ಆದರೆ ಹದಿನೈದು ದಿನದಲ್ಲಿ ಬಲಗದದ ಬಳ್ಳಿ ಮರದೊಳಗಿಂದ ತಾನಾಗಿ ಎದ್ದುಬಂದಂತೆ ಕಾಣತೊಡಗಿತು. ದರ್ಶನಕ್ಕೆ ಬಂದವರೆಲ್ಲ ಅದರ ಮುಂದೆಯೇ ನಿಲ್ಲುತ್ತಿದ್ದರು. ನಾನೂ ನಿಂತೆ. ನಿಂತವನು ಸುಮ್ಮನಿರಬೇಕಲ್ಲ? "ಭಲೇ ಅಂಬಣ್ಣ! ಗಿಳಿ ಈಗ ಹಾರ್ತದ ನೋಡು!" ಎಂದು ದೊಡ್ಡ ದನಿಯಲ್ಲಿ ಕೂಗಿದೆ. ಮೂರು ಮೊಳ ಆಚೆ ಮಾನಪ್ಪ ತಲೆ ತಗ್ಗಿಸಿ ಕೂತಿದ್ದ. ಅವನ ಗಿಳಿಯ ಬಗ್ಗೆ ಒಂದು ಮಾತು ಆಡುವಷ್ಟು ಬುದ್ಧಿ ನನಗೆ ಬರಲಿಲ್ಲ.

ಅಂದಿನಿಂದ ಮಾನಪ್ಪನಿಗೆ ಊಟ ಸೇರದು. ಇದು ಅಂಬಣ್ಣನ ಕೈಯಲ್ಲ, ಮುತ್ಯಾನ ಉಳಿಯ ಕರಾಮತ್ತು, ಅದು ನನಗೆ ಬರಬೇಕಾಗಿತ್ತು ಎಂಬುದು ಅವನ ತಲೆಯಲ್ಲಿ ಕೂತುಬಿಟ್ಟಿತು.

ನಮ್ಮ ಕಡೆ ಅಮಾವಾಸ್ಯೆಯ ದಿನ ಬಡಿಗರು ಉಳಿ ಹಿಡಿಯುವುದಿಲ್ಲ. ಸಾಮಾನೆಲ್ಲ ತೊಳೆದು, ವಿಭೂತಿ ಹಚ್ಚಿ, ಹೂವೇರಿಸಿ ದೇವರ ಮುಂದೆ ಇಡುತ್ತಾರೆ. ಮರುದಿನ ಕೈಮುಗಿದೇ ಎತ್ತಿಕೊಳ್ಳಬೇಕು. ಆ ಅಮಾವಾಸ್ಯೆಗೆ ಇಬ್ಬರ ಉಳಿಗಳೂ ಗದ್ದುಗೆಯ ಮುಂದೆ ಇದ್ದವು. ಮುಂದಿನದು ಎಷ್ಟೋ ಕಾಲದ ಮೇಲೆ ಮಾನಪ್ಪನೇ ನನಗೆ ಹೇಳಿದ್ದು: ಮಧ್ಯಾಹ್ನ ಜನವೆಲ್ಲ ಪ್ರಸಾದದ ಪಂಕ್ತಿಯಲ್ಲಿ ಕೂತಾಗ ಮಾನಪ್ಪ ಒಬ್ಬನೇ ಒಳಗೆ ಹೋಗಿ, ಮುತ್ಯಾನ ಉಳಿಯನ್ನು ಧೋತರದ ಅಂಚಿನಲ್ಲಿ ಸುತ್ತಿಕೊಂಡು ಹೊರಬಿದ್ದ. ಮಠದ ಮುಂದೆ ಸಾಣೆಯವನು ಚಕ್ರ ಬಿಟ್ಟು ತಾನೂ ಪ್ರಸಾದಕ್ಕೆ ಹೋಗಿದ್ದ. ಇನ್ನಷ್ಟು ಹರಿತ ಮಾಡಿದರೆ ಅಂಬಣ್ಣನ ಗಿಳಿಯನ್ನೂ ಮೀರಿಸಬಹುದೆಂಬ ಆಸೆ. ಯಾರಾದರೂ ಕಂಡಾರೆಂಬ ಅಂಜಿಕೆ. ನೀರು ಹಾಕಲಿಲ್ಲ, ಒತ್ತಿ ಹಿಡಿದು ಚಕ್ರ ತಿರುಗಿಸಿದ. ಕಿಡಿ ಹಾರಿದವು. ಚಕ್ರ ನಿಲ್ಲಿಸಿ ನೋಡಿದರೆ ಉಳಿಯ ಬಾಯಿ ನೀಲಿ ಬಣ್ಣಕ್ಕೆ ತಿರುಗಿತ್ತು.

ನೀಲಿ ಬಿತ್ತೆಂದರೆ ಉಕ್ಕಿನ ಹದ ಸತ್ತಂತೆ. ಮಾನಪ್ಪನಿಗೆ ಅದು ಗೊತ್ತಿಲ್ಲವೇ? ಗೊತ್ತು. ಆದರೂ ಮನಸ್ಸು ಕೇಳಲಿಲ್ಲ. ಕೆಲಸದ ಚಪ್ಪರಕ್ಕೆ ಓಡಿಬಂದು ಅದೇ ಉಳಿಯನ್ನು ತನ್ನ ಗಿಳಿಯ ಕೊಕ್ಕಿಗೆ ಇಟ್ಟು ಕೊಡತಿ ಹಾಕಿದ. ಅಲಗು ಮಡಚಿ ಪಕ್ಕಕ್ಕೆ ಜಾರಿತು. ಕೊಕ್ಕಿನ ತುದಿ ಸಿಡಿದು ಹೋಯಿತು. ಅರಗಿಗೆ ಮರದ ಪುಡಿ ಕಲಸಿ ಮೆತ್ತಿ, ಬಣ್ಣ ಕೂಡಿಸಿ, ಯಾರಿಗೂ ಕಾಣದಂತೆ ಮಾಡಿದ. ಉಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಮರುದಿನ ಅಂಬಣ್ಣ ಆರು ಉಳಿ ಎತ್ತಿಕೊಂಡು, ಏಳನೆಯದನ್ನು ಹೂವಿನ ರಾಶಿಯಲ್ಲಿ ಹುಡುಕಿದ. ಯಾರನ್ನೂ ಕೇಳಲಿಲ್ಲ. ಆರರಲ್ಲೇ ಕೆಲಸ ಮುಗಿಸಿದ. ಆಗಲೂ ಬಲಗದವೇ ಮೇಲು! ಮಾನಪ್ಪನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ.

ಕದಗಳು ಸಿದ್ಧವಾದ ಮೇಲೆ ಅಜ್ಜನವರು ಬಂದು ಎರಡರ ಮೇಲೂ ಕೈಯಾಡಿಸಿದರು. ಎಡಗದದ ಗಿಳಿಯ ಕೊಕ್ಕಿನ ಹತ್ತಿರ ಬೆರಳು ಒಂದು ಕ್ಷಣ ನಿಂತಿತು.

"ಎಡಗದ ಇನ್ನಾ ಮುಗದಿಲ್ಲಪಾ" ಎಂದು ಹೊರಟುಹೋದರು.

ಮರುದಿನವೂ ಅದೇ ಮಾತು, ಅದರ ಮರುದಿನವೂ ಅದೇ. ದೈವದವರಿಗೆ ಅರ್ಥವಾಗಲಿಲ್ಲ, ನಮಗೆಲ್ಲ ಮುಗಿದಂತೆಯೇ ಕಂಡಿತ್ತು. ನಾಲ್ಕನೆಯ ದಿನ ಮಾನಪ್ಪ ಸಿಟ್ಟಿನಿಂದ ಅಜ್ಜನವರ ಚಪ್ಪರಕ್ಕೆ ಬಂದ. ನಾನು ಅಲ್ಲೇ ಕಾಗದ ಬರೆಯುತ್ತ ಕೂತಿದ್ದೆ.

"ಅಜ್ಜಾರ, ಅಂಬಣ್ಣನ ಕದಕ್ಕ ಒಂದು ಮಾತಿಲ್ಲ, ನಂದಕ್ಕ ಮಾತ್ರ ದಿನಾ ತಪ್ಪು ಹುಡುಕ್ತೀರಿ. ಮುತ್ಯಾ ಮಾಡಿದ್ದೂ ಹಿಂಗ, ಊರವರು ಮಾಡಿದ್ದೂ ಹಿಂಗ. ನೀವೂ ಅವನ ಕಡೀಗೆ ಏನ್ರಿ?"

ಪೂಜ್ಯರು ಶಾಂತವಾಗಿ, "ನಿನ್ನ ಉಳಿ ತಗೊಂಡು ಬಾ" ಎಂದರು.

ಹಸಿರು ಪೆಟ್ಟಿಗೆ ಬಂತು. ಅಜ್ಜನವರು ಒಂದೊಂದನ್ನೇ ಎತ್ತಿ, ಬೆನ್ನು ಸಪಾಟಾಗಿದೆಯೇ ಎಂದು ಬೆಳಕಿಗೆ ಹಿಡಿದರು, ಹಿಡಿಕೆಯೂ ಅಲಗೂ ಒಂದೇ ಸಾಲಿಗೆ ಇವೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದರು, ಕಲ್ಲಿಗೆ ತಟ್ಟಿ ಕಿವಿಗೊಟ್ಟು ಸದ್ದು ಕೇಳಿದರು. ಮೂರನ್ನು ಬಲಗಡೆ ಇಟ್ಟರು, ಒಂಬತ್ತನ್ನು ಪೆಟ್ಟಿಗೆಗೇ ಮರಳಿಸಿದರು.

"ಈ ಮೂರು ಛಲೋ ಅದಾವ. ಉಳಿದವು ಪೆಟ್ಟಿಗ್ಯಾಗಿದ್ರ ಚಂದ." ಅನಂತರ ಮಾನಪ್ಪನ ಮುಖ ನೋಡಿ, "ಇನ್ನೊಂದು?" ಎಂದರು.

ಮಾನಪ್ಪ ನನ್ನ ಕಡೆ ನೋಡಿದ. ನಾನು ತಲೆ ಬಗ್ಗಿಸಿ ಕಾಗದ ನೋಡಿದೆ. ಅವನು ಸೊಂಟದಿಂದ ಮುತ್ಯಾನ ಉಳಿ ತೆಗೆದು ಗೋಣಿಯ ಮೇಲೆ ಇಟ್ಟ. ಅಜ್ಜನವರು ಆ ನೀಲಿ ಬಾಯಿಯನ್ನು ನೋಡಿದರು. ಸಿಟ್ಟಾಗಲಿಲ್ಲ. ಅವರ ಕಣ್ಣು ತುಂಬಿದವು. ಕಳವಿಗಲ್ಲ, ಆ ಉಕ್ಕಿಗಾಗಿ ಅತ್ತರೆಂದು ನನಗೆ ಇಂದಿಗೂ ಅನಿಸುತ್ತದೆ. ಸಾಣೆಕಲ್ಲನ್ನು ಮಾನಪ್ಪನ ಮುಂದೆ ಸರಿಸಿ, ನೀರಿನ ತಂಬಿಗೆ ಇಟ್ಟರು.

"ನೀಲಿ ಹೋಗೂತನಾ ತಿಕ್ಕಪಾ."

ಏಳು ದಿನ ತಿಕ್ಕಿದ. ನೀಲಿ ಒಳಗೆ ಆಳಕ್ಕೆ ಇಳಿದಿತ್ತು, ಉಗುರಿನ ದಪ್ಪದಷ್ಟು ಸವೆಸಲು ಒಂದು ಹೊತ್ತು ಬೇಕು. ಎರಡನೆಯ ದಿನ ಅಂಬಣ್ಣ ಅತ್ತ ಬಂದ. ತನ್ನ ಉಳಿಯನ್ನು ಗುರುತಿಸದೇ ಇರುತ್ತಾನೆಯೇ? ನಿಂತ, ನೋಡಿದ, ಕಲ್ಲು ಒಣಗಿದ್ದು ಕಂಡು ತಂಬಿಗೆ ಎತ್ತಿ ನೀರು ಹನಿಸಿ ಹೋದ. ದಿನಾ ಅದೇ ಕೆಲಸ. ಮುಂದೆ ಎಷ್ಟೋ ವರ್ಷದ ನಂತರ ಮಾನಪ್ಪ ನನಗೆ ಹೇಳಿದ: "ಬೈದಿದ್ರ ಬದುಕಿಕೊಳ್ತಿದ್ದೆ ಮಾಸ್ತರ. ಅವ ಸುಮ್ಮನ ನೀರು ಹಾಕಿದಾಗ, ಇವ ನನಗಿಂತ ಒಳ್ಳೆಯವ ಯಾಕಾದ ಅಂತ ಅದಕ್ಕೂ ಹೊಟ್ಟಿ ಉರೀತು." ಇಂಥ ಮಾತು ಬಾಯಿಬಿಟ್ಟು ಹೇಳಲು ಎದೆ ಬೇಕು.

ಎಂಟನೆಯ ದಿನ ಅಲಗು ಬೆಳ್ಳಗೆ ಹೊಳೆಯಿತು. ಉಳಿ ಮಾತ್ರ ಅರ್ಧ ಬೆರಳಗಲ ಗಿಡ್ಡವಾಗಿತ್ತು. ಮಾನಪ್ಪ ಅದನ್ನು ಯಾರಿಗೂ ಕಾಣದಂತೆ ಅಂಬಣ್ಣನ ಚೀಲದಲ್ಲಿ ಇಟ್ಟುಬಂದ. ಇಲ್ಲಿಗೆ ಮುಗಿಯಿತು ಎಂದುಕೊಂಡ. ಅಜ್ಜನವರು ಮಾತ್ರ ಕದ ಮುಗಿಯಿತೆಂದು ಹೇಳಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ಕದಗಳನ್ನು ಚೌಕಟ್ಟಿಗೆ ಹಚ್ಚುವ ಮುಹೂರ್ತ. ದೈವವೆಲ್ಲ ಕೂಡಿತ್ತು. ಪೂಜೆಗೆ ಸಾಮಾನು ಇಡುವಾಗ ಬಡಿಗರ ಹಿರಿಯ ಸೋಮನಾಥಪ್ಪ ಆ ಗಿಡ್ಡ ಉಳಿಯನ್ನು ಕಂಡು ಕೈಗೆತ್ತಿಕೊಂಡರು. "ಏನಲೇ ಅಂಬಣ್ಣ! ಇದು ನಿಮ್ಮ ಮುತ್ಯಾನ ಉಳಿ ಅಲ್ಲೇನು? ಮೂರು ತಲಿ ಉಳಿಸಿದ್ದನ್ನ ನೀ ಹಿಂಗ ತಿಂದು ಹಾಕಿದ್ಯಾ? ನಾಚಿಕಿ ಬರಂಗಿಲ್ಲ?"

ಅಂಬಣ್ಣ ಕೈಮುಗಿದು ತಲೆ ಬಗ್ಗಿಸಿದ. "ತಪ್ಪಾತ್ರಿ ಯಜಮಾನ್ರ" ಎಂದ.

ಆ ಕ್ಷಣದಲ್ಲಿ ಮಾನಪ್ಪನ ಮುಖವನ್ನು ನಾನು ನೋಡುತ್ತಿದ್ದೆ. ಮೊದಲು ಅಲ್ಲಿ ಸಂತೋಷ ಕಂಡಿತು, ಸುಳ್ಳು ಯಾಕೆ ಹೇಳಲಿ? ಊರ ಮುಂದೆ ಅಂಬಣ್ಣ ಬೈಸಿಕೊಂಡದ್ದು ಅದೇ ಮೊದಲು. ಆದರೆ ಆ ಸಂತೋಷ ನಿಲ್ಲಲಿಲ್ಲ. ಅಜ್ಜನವರ ಕಡೆ ನೋಡಿದ. ಅವರು ಕಣ್ಣು ಮುಚ್ಚಿ ಕೂತಿದ್ದರು, ಸಹಾಯಕ್ಕೆ ಬರಲಿಲ್ಲ.

"ಅವನಿಗೆ ಬೈಬ್ಯಾಡ್ರಿ!" ಎಂದು ಮಾನಪ್ಪ ಕೂಗಿಯೇಬಿಟ್ಟ. "ಅಮಾಸಿ ದಿನಾ ಗದ್ದಿಗಿ ಮುಂದಿನಿಂದ ಕದ್ದಾವ ನಾನು. ಸುಟ್ಟಾವ ನಾನು. ಅವನ ಕೈ ನೋಡಿ ಸೈರಿಸಲಿಲ್ರಿ ನನಗ." ಅಷ್ಟಕ್ಕೇ ನಿಲ್ಲಲಿಲ್ಲ. ಎಡಗದದ ಹತ್ತಿರ ಹೋಗಿ, ಎಲ್ಲರೆದುರು ಹೆಬ್ಬೆರಳಿನ ಉಗುರಿನಿಂದ ಅರಗನ್ನು ಕೆರೆದು ಕಿತ್ತ. ಕೊಕ್ಕು ಮುರಿದ ಗಿಳಿ ಬಯಲಿಗೆ ಬಂತು.

ಅಂಬಣ್ಣ ಸೋಮನಾಥಪ್ಪನವರ ಕೈಯಿಂದ ಗಿಡ್ಡ ಉಳಿಯನ್ನು ತೆಗೆದುಕೊಂಡು ಮಾನಪ್ಪನ ಮುಂದೆ ಹಿಡಿದ. "ತಗೋ ಅಣ್ಣಾ. ಇದರ ಬಾಯಿ ಈಗ ನಿನ್ನ ಕೈಲೇ ಆಗ್ಯದ. ಗಿಳಿ ನಿಂದು, ನೀನ ಮಾಡು."

ಮಾನಪ್ಪ ಅಳುತ್ತಲೇ ಕೂತು, ಮುರಿದ ಜಾಗವನ್ನು ಒಳಕ್ಕೆ ಸವರಿ, ಇದ್ದ ಮರದಲ್ಲೇ ಹೊಸ ಕೊಕ್ಕು ತಿದ್ದಿದ. ಕೊಡತಿ ಮುಟ್ಟಲಿಲ್ಲ, ಅಂಗೈಯಲ್ಲಿ ಒತ್ತಿಯೇ ಕೆತ್ತಿದ. ಅಂಥ ನಿಧಾನ ಅವನಲ್ಲಿ ನಾನು ಹಿಂದೆಂದೂ ಕಂಡಿರಲಿಲ್ಲ. ಮುಹೂರ್ತ ಮೀರಿತೆಂದು ಯಾರೋ ಗೊಣಗಿದರು. ಅಜ್ಜನವರು ಕೈ ಎತ್ತಿ ಸುಮ್ಮನಿರಿಸಿದರು. ಕೆಲಸ ಮುಗಿದ ಮೇಲೆ ಎದ್ದು ಬಂದು ಗಿಳಿಯ ಮೇಲೆ ಬೆರಳಾಡಿಸಿ ಹೇಳಿದರು:

"ಈಗ ಮುಗೀತು. ಹಚ್ರಿ ಕದಾ."

ಅಜ್ಜನವರು ಲಿಂಗೈಕ್ಯರಾಗಿ ಬಹಳ ಕಾಲವಾಯಿತು. ಮಾನಪ್ಪ ಬದುಕಿರುವವರೆಗೆ ಪ್ರತಿ ಅಮಾವಾಸ್ಯೆ ಗದ್ದುಗೆಯ ಬಾಗಿಲಲ್ಲಿ ಕೂತಿರುತ್ತಿದ್ದ. ಬಂದವರು ಬಲಗದ ನೋಡಿ ಹೊಗಳಿದರೆ, "ಅದು ನಮ್ಮ ತಮ್ಮಂದು" ಎಂದು ತಾನೇ ಮೊದಲು ಹೇಳುತ್ತಿದ್ದ. ಆಮೇಲೆ ಅವರ ಕೈ ಹಿಡಿದು ಎಡಗದಕ್ಕೆ ಕರೆತಂದು, ಗೋಧಿಕಾಳಿನಷ್ಟು ಗಿಡ್ಡವಾದ ಆ ಕೊಕ್ಕನ್ನು ಮುಟ್ಟಿಸಿ, "ಇದು ನನ್ನ ಕಳವು" ಎನ್ನುತ್ತಿದ್ದ.