ಗಾಣದ ಕತ್ತೆ, ಕೊಂಬೆಯ ಗಿಣಿ

ಹೆಂಡತಿ ಸತ್ತ ಗಿಣಿಯೊಂದು, ಸದ್ದುಗದ್ದಲವಿಲ್ಲದ ಕಡೆ ಹೋದರೆ ದುಃಖ ಮರೆತೀತೆಂದು ಕೆರಿಬಿಯನ್ ಕಡಲಿನ ಪುಟ್ಟ ದ್ವೀಪಕ್ಕೆ ಹಾರಿಬಂತು. ಅಲ್ಲಿ ಬಿಳಿ ದೊರೆಗಳು ಬಿಟ್ಟುಹೋದ ಕಬ್ಬಿನ ಗಾಣ ಮುರಿದು ಬಿದ್ದಿತ್ತು. ಮುದಿ ಕತ್ತೆಯೊಂದು ನೊಗವಿಲ್ಲದೆಯೇ ಅದನ್ನು ಸುತ್ತುತ್ತಿತ್ತು.

ಗಾಣದ ಬಳಿಯ ಮರದ ಕೊಂಬೆಯ ತುದಿಯಲ್ಲಿ ಕೂತ ಗಿಣಿ ನಕ್ಕಿತು. “ಏನಯ್ಯಾ ಕತ್ತೆರಾಯ, ದೊರೆಗಳು ಹಡಗು ಹತ್ತಿ ಯಾವ ಕಾಲವಾಯ್ತು! ಕಬ್ಬಿಲ್ಲ, ನೊಗವಿಲ್ಲ. ಇನ್ನೂ ಯಾರಿಗಾಗಿ ಸುತ್ತುತ್ತೀ?”

“ಯಾರಿಗೂ ಅಲ್ಲಪ್ಪ. ಬೆಳಗಾದರೆ ಕಾಲು ತಾನೇ ಇತ್ತ ಬರುತ್ತದೆ,” ಎಂದಿತು ಕತ್ತೆ. “ಅದಿರಲಿ, ಕೊಂಬೆಯ ಗಟ್ಟಿ ಬುಡ ಬಿಟ್ಟು ತುದಿಯಲ್ಲಿ ಜೋಲಾಡುತ್ತಾ ಕೂತಿದ್ದೀಯಲ್ಲ, ಪಕ್ಕದ ಜಾಗ ಯಾರಿಗೆ?”

ಗಿಣಿ ಪಕ್ಕಕ್ಕೆ ನೋಡಿತು. ಹೆಂಡತಿ ಯಾವಾಗಲೂ ಕೂರುತ್ತಿದ್ದ ಬಲಮಗ್ಗುಲು ಖಾಲಿಯಿತ್ತು.

ಕತ್ತೆ ಮತ್ತೆ ಸುತ್ತತೊಡಗಿತು. ಗಾಳಿಗೆ ಕೊಂಬೆ ಓಲಾಡಿದರೂ ಗಿಣಿ ಒಳಕ್ಕೆ ಸರಿದು ಕೂರಲಿಲ್ಲ.